ಬೆಳಗಾವಿ–ಖಾನಾಪುರ ಸೀಮೆ: ರಕ್ತದಾನದ ಅರ್ಹತೆ ಮತ್ತು ರಕ್ತಸುರಕ್ಷತೆಯ ಇತಿಹಾಸ

ಬೆಳಗಾವಿ ನಗರದಿಂದ ಖಾನಾಪುರ ಸುಮಾರು 26 ಕಿ.ಮೀ. ದೂರದಲ್ಲಿದೆ. ಅಲ್ಲಿಂದ ಜಾಂಬೋಟಿ, ಕಣಕುಂಬಿಗಳ ಕಡೆಗೆ ಸಾಗಿದಂತೆ ಸಹ್ಯಾದ್ರಿಯ ಕಾಡು ದಟ್ಟವಾಗುತ್ತದೆ. ನಗರದಲ್ಲಿ 1963ರಿಂದ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವೂ 2005ರಿಂದ ಸರ್ಕಾರದ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇವೆ. ಆದರೆ ಕಾಡಂಚಿನ ಊರಿನಲ್ಲಿ ಹೆರಿಗೆಯ ವೇಳೆ ತೀವ್ರ ರಕ್ತಸ್ರಾವಕ್ಕೆ ತುತ್ತಾದ ಹೆಣ್ಣಿಗೆ ಈ ದಾರಿಯೇ ಅಳಿವು–ಉಳಿವಿನ ಪ್ರಶ್ನೆ. ರಕ್ತ ಸಕಾಲಕ್ಕೆ ದೊರೆಯಬೇಕು. ದೊರೆತ ರಕ್ತ ನಿರ್ದುಷ್ಟವೂ ಆಗಿರಬೇಕು. ಅರ್ಹತಾ ನಿಯಮಗಳ ಇತಿಹಾಸವು ಈ ಎರಡು ಅಗತ್ಯಗಳ ನಡುವೆ ರೂಪುಗೊಂಡಿದೆ.

1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಗುರುತಿಸಿದ ಮೇಲೆ ಹೊಂದಾಣಿಕೆಯ ರಕ್ತವನ್ನು ಆಯ್ದುಕೊಳ್ಳುವುದು ಸಾಧ್ಯವಾಯಿತು. ಆದರೆ ಗುಂಪು ಹೊಂದಿದ ಮಾತ್ರಕ್ಕೆ ರಕ್ತ ರೋಗಮುಕ್ತವಾಗದು. ಭಾರತದಲ್ಲಿ ರಕ್ತವನ್ನು ಔಷಧವೆಂದು ಪರಿಗಣಿಸಿ 1940ರ ಕಾಯಿದೆಯ ವ್ಯಾಪ್ತಿಗೆ ತರಲಾಯಿತಾದರೂ, ಹಣಕ್ಕಾಗಿ ರಕ್ತ ಕೊಡುವ ಪದ್ಧತಿ ದಶಕಗಳ ಕಾಲ ಉಳಿಯಿತು. ರಕ್ತವೇ ಜೀವನೋಪಾಯವಾದವನು ತನ್ನ ಕಾಯಿಲೆಯನ್ನು ಮರೆಮಾಚುವುದು ಅಸಹಜವಲ್ಲ. 1986ರಲ್ಲಿ ದೇಶದಲ್ಲಿ ಎಚ್‌ಐವಿ ಸೋಂಕು ಪತ್ತೆಯಾದ ಬಳಿಕ ಈ ದೋಷದ ಭೀಕರತೆ ಸ್ಪಷ್ಟವಾಯಿತು. ಕಾಮನ್ ಕಾಸ್ ಸಂಸ್ಥೆಯ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1996ರ ಜನವರಿ 4ರಂದು ನೀಡಿದ ತೀರ್ಪು ರಕ್ತನಿಧಿಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ, ಎರಡು ವರ್ಷಗಳೊಳಗೆ ರಕ್ತಮಾರಾಟವನ್ನು ಕೊನೆಗೊಳಿಸಲು ಆದೇಶಿಸಿತು. 2002ರ ರಾಷ್ಟ್ರೀಯ ರಕ್ತನೀತಿ ಸ್ವಯಂಪ್ರೇರಿತ ದಾನವನ್ನು ಆಧಾರವಾಗಿ ಸ್ವೀಕರಿಸಿತು.

ಇಂದಿನ ನಿಯಮಗಳಂತೆ ದಾನಿಯ ವಯಸ್ಸು 18ರಿಂದ 65 ವರ್ಷ, ತೂಕ ಕನಿಷ್ಠ 45 ಕಿ.ಗ್ರಾಂ., ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 12.5 ಗ್ರಾಂ ಇರಬೇಕು. ಎರಡು ದಾನಗಳ ನಡುವೆ ಪುರುಷರಿಗೆ 90 ದಿನ, ಮಹಿಳೆಯರಿಗೆ 120 ದಿನಗಳ ಅಂತರ ಅಗತ್ಯ. ಇವು ದಾನಿಯ ರಕ್ಷಣೆಗಾಗಿ ಇರುವಂಥವು. ಮಲೇರಿಯಾದಿಂದ ಗುಣಮುಖರಾದವರು ಮೂರು ತಿಂಗಳು ಕಾಯಬೇಕೆಂಬುದು ರೋಗಿಯ ರಕ್ಷಣೆಗಾಗಿ. ಸಂಗ್ರಹವಾದ ಪ್ರತಿಯೊಂದು ಘಟಕವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಗಳಿಗಾಗಿ ಪರೀಕ್ಷಿಸಲಾಗುತ್ತದೆ. ಆದರೂ ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಪರೀಕ್ಷೆಗೆ ಅದು ಗೋಚರಿಸದಿರಬಹುದು. ಆದ್ದರಿಂದ ದಾನಿಯ ಪ್ರಾಮಾಣಿಕ ಉತ್ತರಕ್ಕೆ ಪರೀಕ್ಷೆಯಷ್ಟೇ ಮಹತ್ವವಿದೆ. ರೋಗಿಯ ಬಂಧುವೇ ರಕ್ತ ಕೊಡಬೇಕಾದಾಗ, ಆತಂಕದಿಂದ ಹಿಂದಿನ ಕಾಯಿಲೆಯನ್ನು ಹೇಳದಿರುವ ಒತ್ತಡವಿರುತ್ತದೆ; ಸ್ವಯಂಪ್ರೇರಿತ ದಾನಿಗೆ ಆ ಒತ್ತಡವಿಲ್ಲ.

ಗ್ರಾಮೀಣ ಪ್ರದೇಶದಲ್ಲಿ ರಕ್ತಹೀನತೆಯು ಈ ಪ್ರಶ್ನೆಯನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ಕರ್ನಾಟಕದ 15ರಿಂದ 49 ವಯೋಮಾನದ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಜನ ರಕ್ತಹೀನತೆಯಿಂದ ಬಳಲುತ್ತಿರುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ತಿಳಿಯುತ್ತದೆ. ರಕ್ತದ ಅಗತ್ಯ ಹೆಚ್ಚಾಗಿರುವವರೇ ರಕ್ತ ಕೊಡಲು ಅನರ್ಹರಾಗುತ್ತಾರೆ. ಈ ಹಿನ್ನೆಲೆಯಲ್ಲಿ ಬೆಳಗಾವಿ ಜಿಲ್ಲೆಯ ಗ್ರಾಮಗಳಲ್ಲಿ 2002ರಿಂದ 2005ರವರೆಗೆ ನಡೆದ ಅಧ್ಯಯನ ಉಲ್ಲೇಖನೀಯ. ಅದರಲ್ಲಿ 1620 ಸ್ತ್ರೀಯರು ಪಾಲ್ಗೊಂಡಿದ್ದರು. ಕಿರಿಯ ಆರೋಗ್ಯ ಸಹಾಯಕಿಯರು ಹೆರಿಗೆಯ ನಂತರ ಮಿಸೊಪ್ರೊಸ್ಟಾಲ್ ಮಾತ್ರೆ ನೀಡಿದಾಗ ಅತಿಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ರಕ್ತದ ಅಗತ್ಯವನ್ನೇ ತಗ್ಗಿಸುವುದೂ ರಕ್ತಸುರಕ್ಷತೆಯ ಒಂದು ಮಾರ್ಗವೆಂಬುದನ್ನು ಇದು ತೋರಿಸಿಕೊಟ್ಟಿತು.

2001ರ ತಿದ್ದುಪಡಿಯು ನಗರದಲ್ಲಿ ಪರೀಕ್ಷಿಸಿದ ರಕ್ತವನ್ನು ಸಣ್ಣ ಆಸ್ಪತ್ರೆಗಳಲ್ಲಿ ಶೇಖರಿಸಿಡಲು ದಾರಿಮಾಡಿತು. ಆ ಶೀತಕದ ಚೀಲದ ಹಿಂದೆ ಅಪರಿಚಿತ ದಾನಿಯೊಬ್ಬನ ಸತ್ಯವಾಕ್ಯವೂ ಇರುತ್ತದೆ. ‘ಈ ಬಾರಿ ರಕ್ತ ಕೊಡುವಂತಿಲ್ಲ’ ಎಂಬ ನಿರಾಕರಣೆಯನ್ನು ಅವಮಾನವೆಂದು ಭಾವಿಸದ ಸಮಾಜದಲ್ಲಿ ಮಾತ್ರ ಆ ಸತ್ಯ ಉಳಿಯಬಲ್ಲದು.