ಉಳುಕಿದ ಕಾಲಿನ ಇತಿಹಾಸ



ಕಾಲು ಉಳುಕಿತೆಂದು ಅಳುತ್ತ ಬಂದ ಮಕ್ಕಳಿಗೆ ಎಣ್ಣೆ ನೀವಿ, "ಏನೂ ಆಗಿಲ್ಲ, ಹೋಗಿ ಆಡು" ಎಂದು ಮೈದಾನಕ್ಕೆ ಮರಳಿ ಕಳುಹಿಸಿದ ಉಪಾಧ್ಯಾಯರಲ್ಲಿ ನಾನೂ ಒಬ್ಬ. ಆ ಮಾತು ಎಷ್ಟು ಅಪಾಯಕರವೆಂಬುದಕ್ಕೆ ಬ್ಯಾಸ್ಕೆಟ್‌ಬಾಲಿನ ಇತಿಹಾಸವೇ ಸಾಕ್ಷಿ.

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಈ ಆಟವನ್ನು ರೂಪಿಸಿದರು. ಒಳಾಂಗಣದಲ್ಲಿ ಒರಟುತನವಿಲ್ಲದೆ ಆಡಬಹುದಾದ ಆಟವೊಂದು ಅವರಿಗೆ ಬೇಕಿತ್ತು. ಆದುದರಿಂದ ಚೆಂಡು ಹಿಡಿದು ಓಡುವುದನ್ನೂ ಭುಜದಿಂದ ತಳ್ಳುವುದನ್ನೂ ನಿಷೇಧಿಸಿ, ಬುಟ್ಟಿಯನ್ನು 10 ಅಡಿ ಎತ್ತರದಲ್ಲಿ ಕಟ್ಟಿದರು. ಆದರೆ ಎತ್ತರದ ಬುಟ್ಟಿಗಾಗಿ ಜಿಗಿದವನು ಕೆಳಗಿಳಿಯಲೇಬೇಕಷ್ಟೆ! ಇಳಿಯುವಾಗ ಇನ್ನೊಬ್ಬನ ಪಾದವನ್ನು ಮೆಟ್ಟಿದರೆ ಕಾಲು ಒಳಮುಖವಾಗಿ ಹೊರಳಿ, ಹರಡಿನ ಹೊರಬದಿಯ ಅಸ್ಥಿರಜ್ಜುಗಳು ಹರಿಯುತ್ತವೆ. ಹೊಡೆತ ಬಲವಾದರೆ ಎಲುಬೇ ಮುರಿಯುತ್ತದೆ.

2000ದ ಏಪ್ರಿಲ್‌ನಲ್ಲಿ ಡೆಟ್ರಾಯಿಟ್ ತಂಡದ ಗ್ರಾಂಟ್ ಹಿಲ್ ಅವರ ಎಡ ಹರಡು ಉಳುಕಿತು. ನಿರ್ಣಾಯಕ ಪಂದ್ಯಗಳು ಸಮೀಪಿಸಿದ್ದವು. ನೋವು ನುಂಗಿ ಆಡಿದರು. ಕೊನೆಗೆ ಹರಡು ಮುರಿದಿರುವುದು ತಿಳಿಯಿತು. ಮುಂದಿನ ಮೂರು ಋತುಗಳಲ್ಲಿ ಅವರು ಆಡಿದ್ದು ಕೇವಲ 47 ಪಂದ್ಯ. 2003ರ ಮಾರ್ಚಿನಲ್ಲಿ ವೈದ್ಯರು ಎಲುಬನ್ನು ಮತ್ತೆ ಮುರಿದು ಸರಿಯಾಗಿ ಕೂಡಿಸಿದರು. ಐದು ದಿನಗಳಲ್ಲಿ ತೀವ್ರ ಜ್ವರ ಬಂದಿತು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದ ಸೋಂಕು ಪ್ರಾಣಕ್ಕೇ ಎರವಾಗುವಂತಿತ್ತು. ಆದರೂ ಅವರು ಮರಳಿ ಬಂದು 2013ರವರೆಗೆ ಆಡಿದರು.

ಇದಕ್ಕೆ ಪ್ರತಿಯಾಗಿ, 2017ರ ಅಕ್ಟೋಬರ್ 17ರಂದು ಬಾಸ್ಟನ್ ತಂಡದ ಗೋರ್ಡನ್ ಹೇವರ್ಡ್ ಅವರ ಎಡಪಾದ ಎಲ್ಲರ ಕಣ್ಣೆದುರೇ ತಿರುಚಿಕೊಂಡಿತು. ಮರುದಿನವೇ ಶಸ್ತ್ರಚಿಕಿತ್ಸೆ, ಉಳಿದ ಋತುವಿಡೀ ವಿಶ್ರಾಂತಿ. ಮುಂದಿನ ಋತುವಿಗೆ ಆಟಕ್ಕೆ ಹಿಂದಿರುಗಿದರು. ಕಣ್ಣಿಗೆ ಕಂಡ ಮುರಿತಕ್ಕೆ ವಿಶ್ರಾಂತಿ ದೊರೆಯಿತು. ಕಾಣದ ಮುರಿತಕ್ಕೆ ದೊರೆಯಲಿಲ್ಲ.

ಚಿಕಿತ್ಸೆಯೂ ಹಂತಹಂತವಾಗಿ ಬದಲಾಯಿತು. ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಬಂಧಿಸಿಡುವ ಬದಲು ಲೋಹದ ಪಟ್ಟಿ, ತಿರುಪುಗಳಿಂದ ಎಲುಬನ್ನು ಬಿಗಿದು ಕೀಲನ್ನು ಬೇಗನೆ ಚಲಿಸುವಂತೆ ಮಾಡುವ ಕ್ರಮವನ್ನು 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಒಗ್ಗೂಡಿದ ಶಸ್ತ್ರವೈದ್ಯರು ವ್ಯವಸ್ಥಿತವಾಗಿ ಬೆಳೆಸಿದರು. ಉಳುಕಿಗೆ ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲು ಎತ್ತಿಡುವುದು ಎಂಬ ಸೂತ್ರವನ್ನು 1978ರಲ್ಲಿ ಕೊಟ್ಟ ಡಾ. ಗೇಬ್ ಮಿರ್ಕಿನ್, ಮಂಜುಗಡ್ಡೆ ಮತ್ತು ಪೂರ್ಣ ವಿಶ್ರಾಂತಿಗಳು ಗುಣವಾಗುವುದನ್ನು ತಡಮಾಡಬಹುದೆಂದು ಮುಂದೆ ತಾವೇ ಒಪ್ಪಿದರು. ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳುವುದು ಸಣ್ಣ ಗುಣವಲ್ಲ.

ನೀವು ನೆನಪಿಡಬೇಕಾದುದು 1992ರಲ್ಲಿ ಕೆನಡಾದ ಆಟವಾದಲ್ಲಿ ರೂಪುಗೊಂಡ ನಿಯಮ: ಪೆಟ್ಟಾದ ಮೇಲೆ ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಅಥವಾ ಹರಡಿನ ಎಲುಬಿನ ಹಿಂಬದಿಯನ್ನು ಒತ್ತಿದಾಗ ನೋವಾದರೆ, ಎಕ್ಸ್‌ರೇ ತೆಗೆಸಲೇಬೇಕು.

ಅಂದು ನನಗಿದು ತಿಳಿದಿರಲಿಲ್ಲ. ಇಂದು ನಿಮ್ಮಲ್ಲಿ ಅನೇಕರು ತಂದೆತಾಯಿಯರು, ಕೆಲವರು ಅಧ್ಯಾಪಕರು. ಮಗು ಕುಂಟುತ್ತ ಬಂದರೆ ಎಣ್ಣೆಯ ಬಟ್ಟಲು ಹುಡುಕುವ ಮೊದಲು ಆ ನಾಲ್ಕು ಹೆಜ್ಜೆಗಳನ್ನು ಎಣಿಸಿರಿ.