ಬರಿಗಾಲಲ್ಲಿ ನಡೆದರೆ ಭೂಮಿಯ ಎಲೆಕ್ಟ್ರಾನ್ ದೇಹಕ್ಕೆ ಬರುತ್ತದೆಯೇ?

ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆದರೆ ಭೂಮಿಯ ಎಲೆಕ್ಟ್ರಾನ್‌ಗಳು ಪಾದದ ಮೂಲಕ ದೇಹ ಸೇರಿ ಶುಗರ್, ಬಿಪಿ ಎಲ್ಲವೂ ಇಳಿಯುತ್ತವೆ ಎನ್ನುವ ಮೆಸೇಜ್ ನಿಮಗೂ ಬಂದಿರಬಹುದು. ‘ಅರ್ಥಿಂಗ್’ ಎಂಬ ಹೆಸರಿನಲ್ಲಿ ಇದಕ್ಕೆಂದೇ ಮ್ಯಾಟ್, ಬೆಡ್‌ಶೀಟ್‌ಗಳನ್ನೂ ಮಾರುತ್ತಾರೆ. ಇದರಲ್ಲಿ ನಿಜ ಎಷ್ಟು ನೋಡೋಣ.

ಎಲೆಕ್ಟ್ರಾನ್‌ಗಳ ಹರಿವು ನಿಂತರೆ ನಾವು ಬದುಕುವುದಿಲ್ಲ, ಇಷ್ಟು ನಿಜ. ಆದರೆ ಅವು ಬರುವುದು ನೆಲದಿಂದಲ್ಲ, ಊಟದ ತಟ್ಟೆಯಿಂದ. ಅನ್ನ, ಮುದ್ದೆ ಏನೇ ತಿಂದರೂ ಅದರಿಂದ ಬಿಡಿಸಿಕೊಂಡ ಎಲೆಕ್ಟ್ರಾನ್‌ಗಳು ಜೀವಕೋಶದೊಳಗಿನ ಮೈಟೋಕಾಂಡ್ರಿಯಾದಲ್ಲಿ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತವೆ. ನಮಗೆ ಶಕ್ತಿ ಸಿಗುವುದು ಈ ದಾಟುವಿಕೆಯಿಂದ. ಕೊನೆಯಲ್ಲಿ ಅವನ್ನು ಪಡೆಯುವುದು ಆಕ್ಸಿಜನ್. ನಾವು ಉಸಿರಾಡುವುದೇ ಮುಖ್ಯವಾಗಿ ಇದಕ್ಕಾಗಿ. ಸಯನೈಡ್ ಈ ಕೊನೆಯ ಹಂತವನ್ನೇ ತಡೆಯುತ್ತದೆ, ಅದಕ್ಕೇ ಅಷ್ಟು ಬೇಗ ಕೊಲ್ಲುತ್ತದೆ.

ಹಾಗಾದರೆ ಮಣ್ಣಿಗೂ ಜೀವಿಗಳಿಗೂ ನಡುವೆ ಎಲೆಕ್ಟ್ರಾನ್ ಹರಿಯುವುದೇ ಇಲ್ಲವೇ? ಹರಿಯುತ್ತದೆ! ಈ ಕಥೆ ಫಾರ್ವರ್ಡ್‌ಗಿಂತ ಸ್ವಾರಸ್ಯವಾಗಿದೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಕ್ಸಿಜನ್ ಬೇಗ ಮುಗಿದುಹೋಗುತ್ತದೆ. ಅಂಥಲ್ಲಿ ಬದುಕುವ ಜಿಯೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ, ತನ್ನ ಎಲೆಕ್ಟ್ರಾನ್‌ಗಳನ್ನು ತುಕ್ಕಿನಂಥ ಕಬ್ಬಿಣದ ಖನಿಜಕ್ಕೆ ಕೊಡುತ್ತದೆ. ಒಂದರ್ಥದಲ್ಲಿ ಅದು ಕಲ್ಲನ್ನೇ ಉಸಿರಾಡುತ್ತದೆ. ಆದರೆ ಗಟ್ಟಿ ಖನಿಜವನ್ನು ಕೋಶದೊಳಗೆ ಎಳೆದುಕೊಳ್ಳಲಾಗದು, ಎಲೆಕ್ಟ್ರಾನನ್ನೇ ಹೊರಗೆ ಕಳಿಸಬೇಕು. ಇದಕ್ಕೆ ಅದರ ಮೈಯಿಂದ ಹೊರಚಾಚಿದ ತಂತಿಯಂಥ ಎಳೆಗಳಿವೆ ಎಂದು 2005ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಎಳೆ ಯಾವುದರಿಂದ ಆಗಿದೆ ಎಂಬ ಬಗ್ಗೆ ವರ್ಷಗಟ್ಟಲೆ ಜಗಳ ನಡೆಯಿತು. 2019ರಲ್ಲಿ ಅಂಥ ಒಂದು ಎಳೆಯ ಒಳರಚನೆ ಬಯಲಾಯಿತು: ಉದ್ದಕ್ಕೂ ಸಾಲಾಗಿ ಕೂತ ಹೀಮ್ ಅಣುಗಳು. ನಮ್ಮ ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಹೀಮ್‌ಗೆ ಇವು ಹತ್ತಿರದ ನೆಂಟರು.

ಇಲ್ಲಿ ಎಲೆಕ್ಟ್ರಾನ್ ಹೋಗುವುದು ಜೀವಿಯಿಂದ ಮಣ್ಣಿಗೆ ಎಂಬುದನ್ನು ಗಮನಿಸಿ. ಖನಿಜದಿಂದ ಎಲೆಕ್ಟ್ರಾನ್ ಪಡೆಯುವ ಬ್ಯಾಕ್ಟೀರಿಯಾಗಳೂ ಇವೆ. ಅವುಗಳ ಹೊರಪೊರೆಯಲ್ಲಿ ಅದಕ್ಕೆಂದೇ ವಿಶೇಷ ಪ್ರೋಟೀನ್‌ಗಳಿರುತ್ತವೆ. ನಮ್ಮ ಪಾದದ ಚರ್ಮದಲ್ಲಿ ಅಂಥ ವ್ಯವಸ್ಥೆ ಇಲ್ಲ. ನೆಲ ಮುಟ್ಟಿದಾಗ ಮೈಮೇಲಿನ ಸ್ಥಿರ ವಿದ್ಯುತ್ ಇಳಿದುಹೋಗಬಹುದು, ಅಷ್ಟೇ. ಅದಕ್ಕೂ ಮೈಟೋಕಾಂಡ್ರಿಯಾಕ್ಕೂ ಸಂಬಂಧವಿಲ್ಲ.

ನಡಿಗೆಯಿಂದ ಶುಗರ್ ಹತೋಟಿಗೆ ಸಹಾಯವಾಗುವುದು ಖಂಡಿತ, ಚಪ್ಪಲಿ ಹಾಕಿಕೊಂಡರೂ ಆಗುತ್ತದೆ. ನಮ್ಮ ಚಿಂತೆ ಬೇರೆ. ಈ ಮೆಸೇಜನ್ನು ಹೆಚ್ಚು ನಂಬುವವರು ಸಕ್ಕರೆ ಕಾಯಿಲೆ ಇರುವವರೇ ಆಗಿರಬಹುದು. ಅವರಲ್ಲಿ ಹಲವರಿಗೆ ಪಾದದ ನರಗಳು ಜಡವಾಗಿ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಗಾಯ ಬೇಗ ಮಾಯುವುದಿಲ್ಲ, ಕೀವಾಗಿ ಬೆರಳನ್ನೋ ಕಾಲನ್ನೋ ತೆಗೆಯಬೇಕಾಗಿ ಬರಬಹುದು. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ, ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಿ ಎಂದು ವೈದ್ಯರು ಇವರಿಗೆ ಹೇಳುವುದು ಇದೇ ಕಾರಣಕ್ಕೆ.