ಫೈಬ್ರಾಯ್ಡ್ ಗಡ್ಡೆಗೆ ರಕ್ತ ಎಲ್ಲಿಂದ ಬರುತ್ತದೆ? ಅದನ್ನು ತಿಳಿಯುವುದು ಏಕೆ ಮುಖ್ಯ?

ಸ್ಕ್ಯಾನಿಂಗ್ ವರದಿಯಲ್ಲಿ ‘ಫೈಬ್ರಾಯ್ಡ್’ ಎಂದಿದ್ದರೆ ಹಲವರಿಗೆ ಮೊದಲು ನೆನಪಾಗುವುದು ಕ್ಯಾನ್ಸರ್. ‘ಗಡ್ಡೆಯಲ್ಲಿ ರಕ್ತದ ಹರಿವು ಇದೆ’ ಎಂದೂ ಬರೆದಿದ್ದರೆ ಭಯ ಇಮ್ಮಡಿಯಾಗುತ್ತದೆ. ಆದರೆ ಫೈಬ್ರಾಯ್ಡ್ ಎಂದರೆ ಗರ್ಭಕೋಶದ ಸ್ನಾಯುವಿನಿಂದ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ. ಅದು ಬೆಳೆಯಲೂ ರಕ್ತ ಬೇಕು. ಆ ರಕ್ತ ಯಾವ ದಾರಿಯಿಂದ ಬರುತ್ತದೆ ಎಂಬುದು ಚಿಕಿತ್ಸೆಯ ಆಯ್ಕೆಗೆ ಮುಖ್ಯ.

ಸಾಮಾನ್ಯ ದಾರಿ

ಗರ್ಭಕೋಶದ ಎಡಕ್ಕೊಂದು, ಬಲಕ್ಕೊಂದು ಅಪಧಮನಿ ಇರುತ್ತದೆ. ಹೆಚ್ಚಿನ ಫೈಬ್ರಾಯ್ಡ್‌ಗಳಿಗೆ ರಕ್ತ ಬರುವುದು ಇವುಗಳಿಂದಲೇ. ರಕ್ತನಾಳಗಳು ಗಡ್ಡೆಯ ಸುತ್ತ ಬಲೆಯಂತೆ ಹೆಣೆದಿರುತ್ತವೆ. ನಡುಭಾಗಕ್ಕೆ ರಕ್ತ ಕಡಿಮೆ. ಆದ್ದರಿಂದ ಡಾಪ್ಲರ್ ಸ್ಕ್ಯಾನಿಂಗ್‌ನಲ್ಲಿ ಅಂಚಿನಲ್ಲಿ ಬಣ್ಣದ ಉಂಗುರ ಕಾಣುವುದು ಸಾಮಾನ್ಯ. ಅದೊಂದರಿಂದಲೇ ಕ್ಯಾನ್ಸರ್ ಎಂದು ಹೇಳಲಾಗದು.

ಗಡ್ಡೆ ಬೆಳೆದಷ್ಟಕ್ಕೆ ರಕ್ತ ಸಾಲದಿದ್ದರೆ ಒಳಭಾಗ ನಶಿಸತೊಡಗುತ್ತದೆ. ಬಸಿರಿನಲ್ಲಿ ಹೀಗಾದಾಗ ಜೋರಾದ ಹೊಟ್ಟೆನೋವು ಬರಬಹುದು. ಸಾಮಾನ್ಯವಾಗಿ ವಿಶ್ರಾಂತಿ ಮತ್ತು ವೈದ್ಯರು ಕೊಡುವ ನೋವಿನ ಔಷಧಿಯಿಂದ ಅದು ಶಮನವಾಗುತ್ತದೆ.

ಅಪರೂಪದ ದಾರಿಗಳು

ಕೆಲವರಲ್ಲಿ ಅಂಡಾಶಯದ ಅಪಧಮನಿಯೂ ಗಡ್ಡೆಗೆ ರಕ್ತ ಕೊಡುತ್ತದೆ. ಇದು ಮೂತ್ರಪಿಂಡದ ಅಪಧಮನಿಗಳಿಗಿಂತ ತುಸು ಕೆಳಗೆ, ಮಹಾಪಧಮನಿಯಿಂದಲೇ ಹೊರಡುತ್ತದೆ.

ಇನ್ನೊಂದು ಬಗೆ ಇನ್ನೂ ವಿಚಿತ್ರ. ಮಾವಿನ ಮರದ ಮೇಲೆ ಬದನಿಕೆ ಬೆಳೆಯುವುದನ್ನು ನೀವು ನೋಡಿರಬಹುದು. ಅದು ಮರದ ರಸವನ್ನೇ ಹೀರಿ ಬದುಕುತ್ತದೆ. ಗರ್ಭಕೋಶದ ಹೊರಮೈಯಲ್ಲಿ ತೊಟ್ಟಿನಿಂದ ನೇತಾಡುವ ಫೈಬ್ರಾಯ್ಡ್ ಕೆಲವೊಮ್ಮೆ ಹೊಟ್ಟೆಯೊಳಗಿನ ಕೊಬ್ಬಿನ ಪದರಕ್ಕೋ ಕರುಳಿಗೋ ಅಂಟಿಕೊಂಡು, ಅಲ್ಲಿಂದ ರಕ್ತ ಪಡೆಯಲು ಶುರುಮಾಡುತ್ತದೆ. ಮುಂದೆ ಗರ್ಭಕೋಶದ ಸಂಬಂಧವೇ ಕಡಿದುಹೋಗಬಹುದು. ಇದಕ್ಕೆ ‘ಪರಾವಲಂಬಿ ಫೈಬ್ರಾಯ್ಡ್’ ಎನ್ನುತ್ತಾರೆ. ಅಮೆರಿಕದ ವೈದ್ಯರಾದ ಕೆಲ್ಲಿ ಮತ್ತು ಕಲೆನ್ 1909ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದರು. ಲ್ಯಾಪರೊಸ್ಕೋಪಿಯಲ್ಲಿ ಗಡ್ಡೆಯನ್ನು ಯಂತ್ರದಿಂದ ಚೂರು ಮಾಡಿ ತೆಗೆಯುವಾಗ ಉಳಿದ ಚೂರುಗಳೂ ಹೀಗೆ ಬೇರೆಡೆ ಬೆಳೆದದ್ದುಂಟು.

ಚಿಕಿತ್ಸೆಗೆ ಏನು ಸಂಬಂಧ?

ಗರ್ಭಕೋಶ ಉಳಿಸಿಕೊಳ್ಳುವ ಚಿಕಿತ್ಸೆಗಳಲ್ಲಿ ಎಂಬೊಲೈಸೇಷನ್ ಒಂದು. ಫ್ರಾನ್ಸಿನ ವೈದ್ಯರು 1995ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ತೊಡೆಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದೊಳಗೆ ಸಣ್ಣ ಕೊಳವೆ ಇಳಿಸಿ, ಗರ್ಭಕೋಶದ ಅಪಧಮನಿಗೆ ಪುಟ್ಟ ಕಣಗಳನ್ನು ಬಿಟ್ಟು, ಗಡ್ಡೆಗೆ ಹೋಗುವ ರಕ್ತ ತಡೆಯುತ್ತಾರೆ. ಅಂಡಾಶಯದ ಕಡೆಯಿಂದಲೂ ರಕ್ತ ಬರುತ್ತಿದ್ದರೆ ಗಡ್ಡೆ ಪೂರ್ತಿ ಸಾಯದೆ ತೊಂದರೆ ಮರುಕಳಿಸಬಹುದು. ಪರಾವಲಂಬಿ ಗಡ್ಡೆಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ದಾರಿ. ರಕ್ತ ಎಲ್ಲಿಂದ ಬರುತ್ತಿದೆ ಎಂದು ಎಂಆರ್‌ಐ ಅಥವಾ ಸಿಟಿಯಿಂದ ಮೊದಲೇ ತಿಳಿದರೆ ಅನಿರೀಕ್ಷಿತ ರಕ್ತಸ್ರಾವ ತಪ್ಪಿಸಬಹುದು.

ಗರ್ಭಕೋಶ ತೆಗೆಸಲೇಬೇಕೇ?

ಇಲ್ಲ. ತೊಂದರೆ ಕೊಡದ ಫೈಬ್ರಾಯ್ಡ್‌ಗೆ ಹೆಚ್ಚಾಗಿ ಚಿಕಿತ್ಸೆಯೇ ಬೇಡ. ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ ಕುಗ್ಗುತ್ತದೆ. ಆದರೂ ಕಲಬುರಗಿ ಜಿಲ್ಲೆಯಲ್ಲಿ ಬಡ ಮಹಿಳೆಯರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ದೂರುಗಳು 2015ರಲ್ಲಿ ದೊಡ್ಡ ಸುದ್ದಿಯಾಗಿದ್ದವು. ಇಂಥ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಸೂಚಿಸಿತು.

ಆದ್ದರಿಂದ ಒಪ್ಪಿಗೆಗೆ ಸಹಿ ಹಾಕುವ ಮುನ್ನ ಕೇಳಿ: ಗಡ್ಡೆ ಎಲ್ಲಿದೆ? ಎಷ್ಟು ದೊಡ್ಡದು? ರಕ್ತ ಎಲ್ಲಿಂದ ಬರುತ್ತಿದೆ? ಬೇರೆ ಚಿಕಿತ್ಸೆ ಇದೆಯೇ? ವಡ್ಡು, ಸಂಡೂರು, ಹೊಸಪೇಟೆ, ಕಂಪ್ಲಿ ಕಡೆಯವರು ವರದಿಯನ್ನು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿ ಎರಡನೇ ಅಭಿಪ್ರಾಯ ಕೇಳಬಹುದು.

ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವುದು, ಅದರಿಂದ ಸುಸ್ತು, ಮುಟ್ಟು ನಿಂತ ಮೇಲೆ ರಕ್ತ ಕಾಣುವುದು, ಆಗ ಗಡ್ಡೆ ಬೆಳೆಯುವುದು, ಹಠಾತ್ ಹೊಟ್ಟೆನೋವು – ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರನ್ನು ಕಾಣಿ.